ಹಳೆಯ ಭಯಗಳ ಪಂಚಾಂಗ



ಅಮೆರಿಕದಲ್ಲಿ ಅಕ್ಟೋಬರ್ ಹುಟ್ಟಿತೆಂದರೆ ಅದೆಷ್ಟೋ ಮನೆಗಳಲ್ಲಿ ಒಂದು ವಿಚಿತ್ರ ವ್ರತ ಶುರುವಾಗುತ್ತದೆ. ತೊಂಬತ್ತು ವರ್ಷ ಹಳೆಯ, ಕಪ್ಪು ಬಿಳುಪಿನ, ಕಥೆಯೆಲ್ಲ ಬಾಯಿಪಾಠವಾಗಿರುವ ಭಯಾನಕ ಚಿತ್ರಗಳನ್ನು ಜನ ಮತ್ತೆ ಹಾಕಿಕೊಂಡು ನೋಡುತ್ತಾರೆ. ತಿಂಗಳ ಕೊನೆಯ ದಿನ ಹ್ಯಾಲೋವೀನ್. ಅಷ್ಟರೊಳಗೆ ಡ್ರಾಕುಲಾ, ಫ್ರಾಂಕೆನ್‌ಸ್ಟೈನ್, ತೋಳಮನುಷ್ಯ, ಈಜಿಪ್ಟಿನ ಮಮ್ಮಿ, ಎಲ್ಲರ ದರ್ಶನವೂ ಆಗಬೇಕು. ಇವುಗಳಲ್ಲಿ ಯಾವುದೂ ಈಗ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ಹತ್ತು ವರ್ಷದ ಹುಡುಗನೂ ಪಾಪ್‌ಕಾರ್ನ್ ತಿನ್ನುತ್ತ ನೋಡಬಲ್ಲ. ಹೆದರಿಸುವುದೇ ಕಸುಬಾಗಿದ್ದ ಚಿತ್ರ ಹೆದರಿಸುವ ಶಕ್ತಿ ಕಳೆದುಕೊಂಡ ಮೇಲೂ ಜನ ಅದಕ್ಕೆ ದಿನ ಗೊತ್ತುಮಾಡಿ ಕೂತು ನೋಡುವುದೇಕೆ ಎಂಬುದು ಈ ಉಪನ್ಯಾಸದ ಪ್ರಶ್ನೆ. ನನ್ನ ವಾದ ಇಷ್ಟು. ಈ ಪದ್ಧತಿ ಜನ ನಂಬಿರುವಷ್ಟು ಹಳೆಯದಲ್ಲ, ಟೆಲಿವಿಷನ್ನಿನ ಕಾಲದಲ್ಲಿ ಕಣ್ಣೆದುರೇ ಹುಟ್ಟಿದ್ದು. ಹುಟ್ಟು ವ್ಯಾಪಾರಿಯಾದರೂ ಅದು ಮಾಡಿದ ಕೆಲಸ ದೊಡ್ಡದು. ಒಂದು ಸಲ ಚೀರಿಸಿ ಮರೆಯಾಗಬೇಕಿದ್ದ ಚಿತ್ರಗಳನ್ನು ಅದು ವರ್ಷಕ್ಕೊಮ್ಮೆ ಮರಳುವ ಕಲೆಯಾಗಿಸಿತು. ಬೆಚ್ಚುವುದು ನಿಂತ ಮೇಲೆಯೇ ಇವು ನಮ್ಮ ಮೀಮಾಂಸಕರು ಭಯಾನಕ ರಸವೆಂದು ಕರೆದದ್ದರ ಹತ್ತಿರ ಬಂದವು.

ಮೊದಲು ಪ್ರಾಚೀನತೆಯ ಮಾತು ಮುಗಿಸಿಬಿಡೋಣ. ಹ್ಯಾಲೋವೀನ್ ಕುರಿತ ಯಾವ ಲೇಖನ ತೆರೆದರೂ ಎರಡನೆಯ ಸಾಲಿಗೇ ಐರ್ಲೆಂಡಿನ ಸೌವಿನ್ ಹಬ್ಬ ಬರುತ್ತದೆ. ಕೆಲ್ಟಿಕ್ ಜನ ಅಂದು ಸತ್ತವರು ಮರಳುವರೆಂದು ನಂಬಿದ್ದರು, ಬೆಂಕಿ ಹಾಕಿ ಮುಖವಾಡ ತೊಟ್ಟು ಅವರನ್ನು ಓಡಿಸುತ್ತಿದ್ದರು, ಇಂದಿನ ಭೂತದ ಚಿತ್ರಗಳೂ ಅದೇ ಸರಪಳಿಯ ಕೊಂಡಿಗಳು ಎಂಬಂತೆ. ಕೇಳಲು ಚೆನ್ನಾಗಿದೆ. ಆದರೆ ಬ್ರಿಟನ್ನಿನ ಹಬ್ಬಗಳ ಚರಿತ್ರೆ ಬರೆದ ರೊನಾಲ್ಡ್ ಹಟನ್ 1996ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಸೌವಿನ್ ಸತ್ತವರ ಹಬ್ಬವಾಗಿತ್ತು ಎನ್ನುವುದಕ್ಕೆ ಗಟ್ಟಿ ಆಧಾರ ಸಿಗುವುದಿಲ್ಲ. ಸತ್ತವರ ನಂಟು ಆ ದಿನಗಳಿಗೆ ಅಂಟಿಕೊಂಡದ್ದು ಮುಖ್ಯವಾಗಿ ಕ್ರೈಸ್ತ ಮಠಗಳಿಂದ. ನವೆಂಬರ್ 1 ಸಂತರೆಲ್ಲರ ದಿನ. ನವೆಂಬರ್ 2ನ್ನು ಮೃತರೆಲ್ಲರ ಆತ್ಮಶಾಂತಿಗೆ ಮೀಸಲಿಟ್ಟದ್ದು ಹತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಓಡಿಲೋ. ಇನ್ನು ಜನಪದ ಆಚರಣೆಯ ಮಾತಾದರೆ, ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ 1785ರಲ್ಲಿ ಇದೇ ರಾತ್ರಿಯ ಮೇಲೆ ದೀರ್ಘ ಪದ್ಯ ಬರೆದಿದ್ದಾನೆ. ಅದರಲ್ಲಿ ಹಳ್ಳಿಯ ಹುಡುಗ ಹುಡುಗಿಯರು ಕಣ್ಣುಮುಚ್ಚಿ ಕೋಸಿನ ಗಿಡ ಕಿತ್ತು, ಬೆಂಕಿಯಲ್ಲಿ ಬೀಜ ಸುಟ್ಟು, ತಮಗೆ ಎಂಥ ಗಂಡ, ಎಂಥ ಹೆಂಡತಿ ಸಿಕ್ಕಾರೆಂದು ಶಕುನ ನೋಡುತ್ತಾರೆ. ಅಂಜಿಕೆ ಅಲ್ಲಿಯೂ ಇದೆ, ಆದರೆ ಆ ರಾತ್ರಿಯ ಮುಖ್ಯ ಚಿಂತೆ ಮದುವೆ.

ಐರಿಷ್ ಮತ್ತು ಸ್ಕಾಟಿಷ್ ವಲಸಿಗರ ಜೊತೆ ಅಟ್ಲಾಂಟಿಕ್ ದಾಟಿದ ಹಬ್ಬ ಅಮೆರಿಕದಲ್ಲಿ ಮಕ್ಕಳ ಪುಂಡಾಟದ ರಾತ್ರಿಯಾಯಿತು. 1944ರ 'ಮೀಟ್ ಮಿ ಇನ್ ಸೇಂಟ್ ಲೂಯಿಸ್' ಚಿತ್ರದಲ್ಲಿ ಇದರ ಒಳ್ಳೆಯ ದಾಖಲೆಯಿದೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳ ಕಥೆ ಅದು. ಹ್ಯಾಲೋವೀನ್ ರಾತ್ರಿ ಕೇರಿಯ ಮಕ್ಕಳು ಬೀದಿಯಲ್ಲಿ ಬೆಂಕಿ ಹಾಕಿ, ಕಂಡವರ ಬಾಗಿಲು ತಟ್ಟಿ, ತೆಗೆದವರ ಮುಖಕ್ಕೆ ಹಿಟ್ಟು ಎರಚಿ ಓಡುತ್ತಾರೆ. ಸಿಹಿ ಕೇಳುವ ಪದ್ಧತಿ ಇನ್ನೂ ಬಂದಿಲ್ಲ. ಅದು ದೇಶದುದ್ದಕ್ಕೂ ಹಬ್ಬಿದ್ದು ಎರಡನೆಯ ಮಹಾಯುದ್ಧ ಮುಗಿದು 1947ರಲ್ಲಿ ಸಕ್ಕರೆಯ ಪಡಿತರ ರದ್ದಾದ ಮೇಲೆ. 1938ರ ಅಕ್ಟೋಬರ್ 30ರಂದು ಮಂಗಳ ಗ್ರಹದವರ ದಾಳಿಯ ಕಥೆಯನ್ನು ರೇಡಿಯೋ ಸುದ್ದಿಯ ಧಾಟಿಯಲ್ಲಿ ಪ್ರಸಾರ ಮಾಡಿದ ಆರ್ಸನ್ ವೆಲ್ಸ್, ಕಾರ್ಯಕ್ರಮದ ಕೊನೆಗೆ ಇದು ಬಿಳಿ ಬಟ್ಟೆ ಹೊದ್ದು ಪೊದೆಯಿಂದ ಹಾರಿ ಹೆದರಿಸುವ ಹಬ್ಬದ ಚೇಷ್ಟೆಯ ರೇಡಿಯೋ ರೂಪ ಎಂಬರ್ಥದ ಮಾತಾಡಿ ಕೈತೊಳೆದುಕೊಂಡರು. ಆಗ ಡ್ರಾಕುಲಾ ತೆರೆಗೆ ಬಂದು ಏಳು ವರ್ಷವಾಗಿತ್ತು. ಆದರೂ ಹಬ್ಬವೆಂದರೆ ವೆಲ್ಸ್‌ಗೆ ನೆನಪಾದದ್ದು ಹುಡುಗಾಟ, ಸಿನಿಮಾ ಅಲ್ಲ.

ನೆನಪಾಗಲು ಕಾರಣವೂ ಇರಲಿಲ್ಲ. ಇಂದು ನಾವು ಅಕ್ಟೋಬರಿನ ಆಸ್ತಿಯೆಂದುಕೊಳ್ಳುವ ಚಿತ್ರಗಳ ಬಿಡುಗಡೆಯ ದಿನಾಂಕಗಳನ್ನೊಮ್ಮೆ ನೋಡಿ. ಯೂನಿವರ್ಸಲ್ ಸಂಸ್ಥೆಯ 'ಡ್ರಾಕುಲಾ' ಬಂದದ್ದು 1931ರ ಫೆಬ್ರವರಿಯಲ್ಲಿ, ಪ್ರೇಮಿಗಳ ದಿನದ ಆಸುಪಾಸು. ಅದನ್ನು ಒಂದು ವಿಲಕ್ಷಣ ಪ್ರೇಮಕಥೆಯೆಂದೇ ಮಾರಿದರು. 'ಫ್ರಾಂಕೆನ್‌ಸ್ಟೈನ್' ಅದೇ ವರ್ಷದ ನವೆಂಬರಿನಲ್ಲಿ, ಹ್ಯಾಲೋವೀನ್ ಮುಗಿದ ಮೇಲೆ. 'ದಿ ಮಮ್ಮಿ' 1932ರ ಡಿಸೆಂಬರ್, 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್' 1935ರ ಏಪ್ರಿಲ್. 'ದಿ ವುಲ್ಫ್ ಮ್ಯಾನ್' 1941ರ ಡಿಸೆಂಬರಿನಲ್ಲಿ, ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಒಂದು ವಾರದೊಳಗೆ. 'ಸೈಕೋ' 1960ರ ಜೂನ್ ತಿಂಗಳ ಸೆಕೆಯಲ್ಲಿ. 'ದಿ ಎಕ್ಸಾರ್ಸಿಸ್ಟ್' 1973ರಲ್ಲಿ ಕ್ರಿಸ್‌ಮಸ್ಸಿನ ಮಾರನೆಯ ದಿನ! ನಿರ್ಮಾಪಕರಿಗೆ ಭಯ ವರ್ಷದ ಹನ್ನೆರಡು ತಿಂಗಳೂ ಮಾರಾಟವಾಗುವ ಸರಕಾಗಿತ್ತು. ಹಬ್ಬಕ್ಕೂ ಈ ಚಿತ್ರಗಳಿಗೂ ಹುಟ್ಟಿನ ಸಂಬಂಧವಿಲ್ಲ, ಇರುವುದು ದತ್ತು ಸಂಬಂಧ.

ದತ್ತು ಶಾಸ್ತ್ರ ನಡೆದದ್ದು 1957ರ ಶರತ್ಕಾಲದಲ್ಲಿ. ಕೊಲಂಬಿಯಾ ಸಂಸ್ಥೆಯ ಟೆಲಿವಿಷನ್ ಅಂಗವಾದ ಸ್ಕ್ರೀನ್ ಜೆಮ್ಸ್, ಯೂನಿವರ್ಸಲ್ಲಿನ ಉಗ್ರಾಣದಲ್ಲಿ ದೂಳು ತಿನ್ನುತ್ತಿದ್ದ 52 ಹಳೆಯ ಚಿತ್ರಗಳನ್ನು ಒಟ್ಟುಮಾಡಿ 'ಶಾಕ್' ಎಂಬ ಹೆಸರಿನ ಕಟ್ಟಾಗಿ ಊರೂರಿನ ಟೆಲಿವಿಷನ್ ಕೇಂದ್ರಗಳಿಗೆ ಮಾರಿತು. ವಾರದ ಕೊನೆಯ ತಡರಾತ್ರಿಗಳನ್ನು ತುಂಬಲು ಏನಾದರೂ ಬೇಕಿತ್ತು, ಇದು ಅಗ್ಗವಾಗಿತ್ತು. ಬರೀ ಹಳೆಯ ಚಿತ್ರ ಹಾಕಿದರೆ ಯಾರು ನೋಡುತ್ತಾರೆಂದು ಕೇಂದ್ರಗಳು ಒಬ್ಬೊಬ್ಬ ನಿರೂಪಕರನ್ನು ಕೂರಿಸಿದವು. ಫಿಲಡೆಲ್ಫಿಯಾದ ಜಾನ್ ಝ್ಯಾಕರ್ಲಿ ಶವಾಗಾರದ ಯಜಮಾನನಂತೆ ಕರಿ ಕೋಟು ತೊಟ್ಟು, ಶವಪೆಟ್ಟಿಗೆಯಲ್ಲಿರುವ ತನ್ನ ಹೆಂಡತಿಯ ಜೊತೆ ಹರಟುತ್ತ, ಚಿತ್ರ ಓಡುತ್ತಿದ್ದಂತೆ ನಡುವೆ ತನ್ನದೇ ತುಣುಕು ತೂರಿಸಿ ಕುಚೋದ್ಯ ಮಾಡುತ್ತಿದ್ದ. ಲಾಸ್ ಏಂಜಲಿಸ್‌ನಲ್ಲಿ ಮೈಲಾ ನುರ್ಮಿ ಎಂಬ ನಟಿ ವ್ಯಾಂಪಿರಾ ಹೆಸರಿನಲ್ಲಿ 1954ರಲ್ಲೇ ಇದಕ್ಕೆ ದಾರಿ ಹಾಕಿಕೊಟ್ಟಿದ್ದಳು. ಚಿತ್ರಮಂದಿರದಲ್ಲಿ ಈ ಚಿತ್ರಗಳನ್ನು ನೋಡಲು ವಯಸ್ಸಾಗದ, ಮೊದಲ ಬಿಡುಗಡೆಯ ವೇಳೆಗೆ ಹುಟ್ಟೇ ಇರದ ಮಕ್ಕಳು ಮನೆಯ ಚಾಪೆಯ ಮೇಲೆ ಕೂತು ಡ್ರಾಕುಲಾನನ್ನು ಕಂಡರು. 1958ರಲ್ಲಿ ಅವರಿಗಾಗಿಯೇ 'ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್' ಎಂಬ ಪತ್ರಿಕೆ ಬಂತು. 1962ರ ಅಕ್ಟೋಬರಿನಲ್ಲಿ, 'ಫ್ರಾಂಕೆನ್‌ಸ್ಟೈನ್'ನ ಜೀವಿಯಾಗಿ ನಟಿಸಿದ್ದ ಬೋರಿಸ್ ಕಾರ್ಲಾಫ್‌ನ ದನಿಯನ್ನು ಅಣಕಿಸುವ 'ಮಾನ್‌ಸ್ಟರ್ ಮ್ಯಾಷ್' ಹಾಡು ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಐದೇ ವರ್ಷದಲ್ಲಿ ಹಳೆಯ ರಕ್ಕಸರು ಹಬ್ಬದ ಮನೆಯವರಾಗಿದ್ದರು.

ಮುಂದಿನ ಒಂದೂವರೆ ದಶಕದಲ್ಲಿ ಪದ್ಧತಿ ಎಷ್ಟು ಬೇರೂರಿತೆಂಬುದಕ್ಕೆ ಸಾಕ್ಷಿ ಹೇಳುವುದು ಇನ್ನೊಂದು ಭಯಾನಕ ಚಿತ್ರ. 1978ರಲ್ಲಿ ಜಾನ್ ಕಾರ್ಪೆಂಟರ್ ಸುಮಾರು ಮೂರು ಲಕ್ಷ ಡಾಲರಿನಲ್ಲಿ 'ಹ್ಯಾಲೋವೀನ್' ತೆಗೆದ. ಇಲಿನಾಯ್ ರಾಜ್ಯದ ಶರತ್ಕಾಲವೆಂದು ತೋರಿಸಬೇಕಾದದ್ದನ್ನು ಕ್ಯಾಲಿಫೋರ್ನಿಯಾದ ವಸಂತದಲ್ಲಿ ಚಿತ್ರಿಸಿದ್ದರಿಂದ ಎಲೆಗಳಿಗೆ ಕಂದು ಬಣ್ಣ ಬಳಿದು ಬೀದಿಗೆ ಚೆಲ್ಲಿ, ದೃಶ್ಯ ಮುಗಿದ ಮೇಲೆ ಮತ್ತೆ ಗುಡಿಸಿ ಒಟ್ಟುಮಾಡುತ್ತಿದ್ದರು. ಕೊಲೆಗಾರನ ಮುಖವಾಡ 'ಸ್ಟಾರ್ ಟ್ರೆಕ್'ನ ಕ್ಯಾಪ್ಟನ್ ಕರ್ಕ್‌ನದು, ಬಿಳಿ ಬಣ್ಣ ಬಳಿದದ್ದು. ಆದರೆ ನನ್ನ ವಾದಕ್ಕೆ ಬೇಕಾದ ಸಂಗತಿ ಆ ಮುಖವಾಡದ ಹಿಂದಿಲ್ಲ, ಬೈಠಕ್ಕಿನ ಟೆಲಿವಿಷನ್ನಿನಲ್ಲಿದೆ. ಕೊಲೆಗಾರ ಹೊರಗೆ ಸುಳಿದಾಡುತ್ತಿರುವ ಆ ರಾತ್ರಿ ಒಳಗೆ ಮಕ್ಕಳು ಹಬ್ಬದ ವಿಶೇಷ ಚಿತ್ರಗಳನ್ನು ನೋಡುತ್ತಿದ್ದಾರೆ: 1951ರ 'ದಿ ಥಿಂಗ್', 1956ರ 'ಫರ್ಬಿಡನ್ ಪ್ಲಾನೆಟ್'. ಹ್ಯಾಲೋವೀನ್ ರಾತ್ರಿ ಮಕ್ಕಳು ಏನು ಮಾಡುತ್ತಾರೆಂದು ಕೇಳಿದರೆ ಹಳೆಯ ಚಿತ್ರ ನೋಡುತ್ತಾರೆ ಎಂಬುದು ಅಷ್ಟು ಸಹಜವಾದ, ವಿವರಣೆ ಬೇಡದ ಸಂಗತಿಯಾಗಿತ್ತು. ಹಬ್ಬದ ಹೆಸರನ್ನೇ ಹೊತ್ತ ಚಿತ್ರ ಹಬ್ಬದ ಚಿತ್ರ ನೋಡುವ ಪದ್ಧತಿಯನ್ನು ತನ್ನೊಳಗೆ ಹಾಕಿಕೊಂಡು, ಕೆಲವೇ ವರ್ಷಗಳಲ್ಲಿ ತಾನೂ ಆ ಪಟ್ಟಿಗೆ ಸೇರಿತು.

ಇಲ್ಲಿ ಒಂದು ಆಕ್ಷೇಪ ಏಳಬೇಕು. ಇದೆಲ್ಲ ಹಳೆಯ ದಾಸ್ತಾನು ಸಾಗಹಾಕುವ ಅಂಗಡಿಯವರ ತಂತ್ರವಾದರೆ, ಇದರಲ್ಲಿ ಕಲೆಯ ಮಾತೇನು ಬಂತು? ಆಕ್ಷೇಪದ ಅರ್ಧ ನಿಜ. ಕೆಲವು ಕಡೆ ಅಂಗಡಿಯವರ ತಂತ್ರವೂ ಇಲ್ಲ, ಬರೀ ಕೈತಪ್ಪು. ಜಾರ್ಜ್ ರೊಮೆರೊ ಪಿಟ್ಸ್‌ಬರ್ಗಿನ ಆಸುಪಾಸಿನಲ್ಲಿ ತೆಗೆದ 'ನೈಟ್ ಆಫ್ ದಿ ಲಿವಿಂಗ್ ಡೆಡ್' 1968ರಲ್ಲಿ ತೆರೆಗೆ ಬರುವ ಮುನ್ನ ವಿತರಕರು ಅದರ ಹೆಸರು ಬದಲಿಸಿದರು. ಹೊಸ ಶೀರ್ಷಿಕೆಯ ಚೌಕಟ್ಟಿನಲ್ಲಿ ಹಕ್ಕುಸ್ವಾಮ್ಯದ ಸೂಚನೆ ಹಾಕುವುದನ್ನು ಮರೆತರು. ಆಗಿನ ಕಾನೂನಿನಂತೆ ಅಷ್ಟಕ್ಕೇ ಚಿತ್ರ ಸಾರ್ವಜನಿಕರ ಸ್ವತ್ತಾಯಿತು, ಕಾಸು ಕೊಡದೆ ಯಾವ ಕೇಂದ್ರ ಬೇಕಾದರೂ ಪ್ರಸಾರ ಮಾಡಬಹುದಿತ್ತು, ಮಾಡಿದವು. ಅಮೆರಿಕದ ಕ್ರಿಸ್‌ಮಸ್ಸಿನ ಕಡ್ಡಾಯ ಚಿತ್ರವಾದ 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಕೂಡ 1974ರಲ್ಲಿ ಹಕ್ಕುಸ್ವಾಮ್ಯ ನವೀಕರಿಸದೆ ಹೋದದ್ದರಿಂದಲೇ ಮನೆಮಾತಾಯಿತು. ಆದರೆ ಪುಕ್ಕಟೆ ಸಿಕ್ಕಿದ್ದೆಲ್ಲ ಉಳಿಯುವುದಿಲ್ಲ. 'ಶಾಕ್' ಕಟ್ಟಿನ 52ರಲ್ಲಿ ಬಹಳಷ್ಟು ಸಾದಾ ಪತ್ತೇದಾರಿ ಚಿತ್ರಗಳೂ ಗೂಢಚಾರರ ಕಥೆಗಳೂ ಇದ್ದವು. ಅವನ್ನೂ ಅದೇ ನಿರೂಪಕರು ಅದೇ ತಡರಾತ್ರಿ ತೋರಿಸಿದರು. ಇಂದು ಅವುಗಳ ಹೆಸರು ಹೇಳಬಲ್ಲವರು ವಿದ್ವಾಂಸರು ಮಾತ್ರ. ವ್ಯಾಪಾರ ಬುಟ್ಟಿಗೆ ತುಂಬಿಕೊಟ್ಟಿತು. ಆರಿಸಿದ್ದು ಮತ್ತೆ ಮತ್ತೆ ನೋಡಿದವರು. ಅವರ ಆಯ್ಕೆಗೆ ಕಾರಣ ಏನೆಂಬುದು ವ್ಯಾಪಾರದ ಲೆಕ್ಕದಲ್ಲಿ ಸಿಗುವುದಿಲ್ಲ.

ಅದು ಸಿಗಬೇಕಾದರೆ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಜೇಮ್ಸ್ ವೇಲ್ ನಿರ್ದೇಶನದ 'ಫ್ರಾಂಕೆನ್‌ಸ್ಟೈನ್'ನಲ್ಲಿ ಹೆಣದ ತುಂಡುಗಳಿಂದ ಕಟ್ಟಿದ ಜೀವಿ ಮೊದಲ ಸಲ ಕಾಣಿಸಿಕೊಳ್ಳುವ ಗಳಿಗೆ. ಶೀರ್ಷಿಕೆಯಲ್ಲಿ ಆ ಪಾತ್ರದ ಎದುರು ನಟನ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕುತೂಹಲ ಕೆರಳಿಸಿರುತ್ತಾರೆ. ಹೊರಗೆ ಭಾರವಾದ ಹೆಜ್ಜೆಯ ಸದ್ದು. ವಿಜ್ಞಾನಿ ದೀಪ ಆರಿಸುತ್ತಾನೆ. ಬಾಗಿಲು ತೆರೆಯುತ್ತದೆ, ಜೀವಿ ಬೆನ್ನು ಹಾಕಿ ಒಳಗೆ ಬರುತ್ತದೆ, ನಿಧಾನಕ್ಕೆ ತಿರುಗುತ್ತದೆ. ಕ್ಯಾಮೆರಾ ಸರಿಯುವುದಿಲ್ಲ, ಒಂದು ಕತ್ತರಿಗೆ ಹತ್ತಿರ, ಮತ್ತೊಂದಕ್ಕೆ ಇನ್ನೂ ಹತ್ತಿರ, ಕೊನೆಗೆ ತೆರೆಯ ತುಂಬ ಆ ಮುಖ. ಹಿನ್ನೆಲೆ ಸಂಗೀತವಿಲ್ಲ. 1931ರ ಪ್ರೇಕ್ಷಕರು ಚೀರಿದ್ದು ಇಲ್ಲಿ. ದೃಶ್ಯ ಆಮೇಲೂ ಮುಂದುವರಿಯುತ್ತದೆ. ವಿಜ್ಞಾನಿ ಮಾಡಿನ ಕಿಂಡಿಯನ್ನು ತೆರೆಯುತ್ತಾನೆ, ಬೆಳಕು ಬೀಳುತ್ತದೆ. ಹುಟ್ಟಿದ ಮೇಲೆ ಬೆಳಕನ್ನೇ ಕಾಣದ ಜೀವಿ ತಲೆಯೆತ್ತಿ ಎರಡೂ ಕೈಗಳನ್ನು ಅದರತ್ತ ಚಾಚುತ್ತದೆ. ಕಿಂಡಿ ಮುಚ್ಚುತ್ತಾರೆ. ಚಾಚಿದ ಕೈ ಹಾಗೇ ಗಾಳಿಯಲ್ಲಿ ಉಳಿಯುತ್ತದೆ, ಬೆರಳುಗಳು ಬೇಡುವವರ ಬೆರಳುಗಳಂತೆ ಆಡುತ್ತವೆ. ಮೊದಲ ಸಲ ನೋಡಿದವನಿಗೆ ಮುಖ ನೆನಪಿರುತ್ತದೆ. ಹತ್ತನೆಯ ಅಕ್ಟೋಬರಿಗೆ ಅವನು ಕಾಯುವುದು ಕೈಗಳಿಗಾಗಿ. ಕಾರ್ಲಾಫ್‌ನ ನಟನೆಯೆಲ್ಲ ಆ ಕೈಗಳಲ್ಲಿದೆ. ಹೆದರಿಕೆ ಅಡ್ಡ ನಿಂತಿರುವವರೆಗೆ ಅದು ಕಣ್ಣಿಗೆ ಬೀಳುವುದಿಲ್ಲ.

ಇದೇ ಚಿತ್ರದ ಕೊಳದ ದೃಶ್ಯ ಇನ್ನೊಂದು ಪಾಠ. ಹಳ್ಳಿಯ ಪುಟ್ಟ ಹುಡುಗಿ ಜೀವಿಗೆ ಹೆದರದೆ ಕೈಹಿಡಿದು ಕೊಳದ ದಡಕ್ಕೆ ಕರೆತರುತ್ತಾಳೆ. ಇಬ್ಬರೂ ಹೂ ಎಸೆದು ತೇಲಿಸುತ್ತ ನಗುತ್ತಾರೆ. ಹೂ ಮುಗಿಯುತ್ತದೆ. ಹುಡುಗಿಯೂ ಹೂವಿನಂತೆ ತೇಲುತ್ತಾಳೆಂದುಕೊಂಡು ಜೀವಿ ಅವಳನ್ನೆತ್ತಿ ನೀರಿಗೆ ಎಸೆಯುತ್ತದೆ. ಹಲವು ರಾಜ್ಯಗಳ ಸೆನ್ಸಾರ್ ಮಂಡಳಿಗಳು ಎಸೆಯುವ ಭಾಗಕ್ಕೆ ಕತ್ತರಿ ಹಾಕಿಸಿದವು. 1934ರಲ್ಲಿ ಹಾಲಿವುಡ್ಡಿನ ನೀತಿಸಂಹಿತೆ ಬಿಗಿಯಾದ ಮೇಲೆ ಮರುಬಿಡುಗಡೆಯ ಪ್ರತಿಗಳಿಂದಲೂ ಅದು ಹೋಯಿತು. ಕತ್ತರಿಸಿದ ಪ್ರತಿಯಲ್ಲಿ ಜೀವಿ ಹುಡುಗಿಯತ್ತ ಕೈ ಚಾಚುವಲ್ಲಿಗೆ ದೃಶ್ಯ ನಿಲ್ಲುತ್ತದೆ, ಮುಂದೆ ತಂದೆ ಅವಳ ಹೆಣ ಹೊತ್ತು ಮದುವೆಯ ಸಂಭ್ರಮದಲ್ಲಿರುವ ಬೀದಿಗೆ ಬರುತ್ತಾನೆ. ನಡುವೆ ಏನಾಯಿತೆಂಬುದನ್ನು ನೋಡುಗರು ಊಹಿಸಿಕೊಳ್ಳಬೇಕು, ಊಹೆ ನಡೆದದ್ದಕ್ಕಿಂತ ಹೇಸಿಗೆಯದಾಗುತ್ತದೆ. ಮಗುವಿನ ಮನಸ್ಸಿನ ಜೀವಿಯೊಂದು ಮಾಡಿದ ಮುಗ್ಧ ತಪ್ಪನ್ನು ಸೆನ್ಸಾರಿನವರು ಪೈಶಾಚಿಕ ಕೃತ್ಯವಾಗಿಸಿದರು! ಟೆಲಿವಿಷನ್ನಿನ ಮಕ್ಕಳು ಮೂರು ದಶಕ ನೋಡಿದ್ದು ಈ ಕುರೂಪವನ್ನೇ. 1980ರ ದಶಕದಲ್ಲಿ ತುಣುಕು ಮರಳಿ ಸೇರಿದಾಗ ಅದರ ಬೆಲೆ ಗೊತ್ತಾದದ್ದು ಚಿತ್ರವನ್ನು ಸಾಲು ಸಾಲಾಗಿ ಬಲ್ಲವರಿಗೆ. ಒಮ್ಮೆ ನೋಡಿ ಬಿಟ್ಟವನಿಗೆ ಏನು ಹೋಗಿತ್ತು, ಏನು ಬಂತು ಎಂಬುದೇ ತಿಳಿಯುವುದಿಲ್ಲ.

ನಮ್ಮ ಮೀಮಾಂಸೆ ಇಲ್ಲಿ ಅಲಂಕಾರಕ್ಕಲ್ಲ, ಕೆಲಸಕ್ಕೇ ಬರುತ್ತದೆ. ಭರತ ಎಣಿಸಿದ ರಸಗಳಲ್ಲಿ ಭಯಾನಕವೂ ಒಂದು. ಅದರ ಸ್ಥಾಯಿ ಭಯ. ಅಭಿನವಗುಪ್ತ ಇದಕ್ಕೆ ಆರಿಸಿಕೊಂಡ ಉದಾಹರಣೆ ಶಾಕುಂತಲದ ಮೊದಲ ಅಂಕದ ಜಿಂಕೆ. ದುಷ್ಯಂತನ ರಥ ಬೆನ್ನಟ್ಟಿದಾಗ ಕತ್ತು ಹೊರಳಿಸಿ ಹಿಂದೆ ನೋಡುತ್ತ ಓಡುವ ಪ್ರಾಣಿ. ನೋಡುವವನಲ್ಲಿ ಹುಟ್ಟುವುದು ತನಗೆ ಬಾಣ ತಾಗೀತೆಂಬ ಅಂಜಿಕೆಯಲ್ಲ, ಯಾವುದೋ ಒಂದು ಜಿಂಕೆಗೆ ತಾಗೀತೆಂಬ ಆತಂಕವೂ ಅಲ್ಲ. ಇಂಥವರದು, ಇಂಥ ಊರಿನದು, ಇಂಥ ಹೊತ್ತಿನದು ಎಂಬ ಹಂಗು ಕಳಚಿದ ಭಯವೇ ಮನಸ್ಸಿಗೆ ಗೋಚರವಾಗುತ್ತದೆ. ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯಿಂದ ಕನ್ನಡ ಓದುಗರಿಗೆ ಪರಿಚಿತವಾದ ಸಾಧಾರಣೀಕರಣ ಇದು. ಬೆಚ್ಚುವ ಪ್ರೇಕ್ಷಕ ತನ್ನ ಮೈಯೊಳಗೇ ಇರುತ್ತಾನೆ: ಎದೆ ಬಡಿತ ತನ್ನದು, ಬೆವರು ತನ್ನದು. ಕಥೆ ಗೊತ್ತಿದ್ದಾಗ ಮೈ ಸುಮ್ಮನಾಗುತ್ತದೆ, ಭಯ ಎದುರಿಗೆ ನಿಂತು ನೋಡಲು ಸಿಗುತ್ತದೆ. ಯಕ್ಷಗಾನದ ಬಣ್ಣದ ವೇಷ ಕಂಡವರಿಗೆ ಇದು ಹೊಸತಲ್ಲ. ತಾಸುಗಟ್ಟಲೆ ಕೂತು ಮುಖಕ್ಕೆ ಚಿಟ್ಟಿಯಿಟ್ಟ ಕಲಾವಿದ ಯಾರು, ತೆರೆಯ ಹಿಂದೆ ಆರ್ಭಟಿಸುತ್ತಿರುವ ರಾವಣ ಕೊನೆಗೆ ಸಾಯುತ್ತಾನೆಂಬುದು ಬಯಲಿನಲ್ಲಿ ಕೂತ ಎಲ್ಲರಿಗೂ ಗೊತ್ತು. ತೆರೆ ಸರಿಯುವ ಗಳಿಗೆಯ ರುಚಿ ಅದರಿಂದ ಕಡಿಮೆಯಾಗುವುದಿಲ್ಲ. ಕಾರ್ಲಾಫ್‌ನ ಮುಖವನ್ನು ತಾಸುಗಟ್ಟಲೆ ಕಟ್ಟುತ್ತಿದ್ದ ಜ್ಯಾಕ್ ಪಿಯರ್ಸ್ ಮಾಡಿದ್ದೂ ಒಂದು ವೇಷವನ್ನೇ. ಅದಕ್ಕೆ ವರ್ಷಕ್ಕೊಂದು ಆಟ ಕೊಟ್ಟದ್ದು ಅಕ್ಟೋಬರ್.

ಮನಶ್ಶಾಸ್ತ್ರದ ಕಡೆಯಿಂದ ಇದಕ್ಕೆ ಬಲವಾದ ಎದುರುವಾದವಿದೆ. ಡೆನ್ಮಾರ್ಕಿನ ಆರ್ಹೂಸ್ ವಿಶ್ವವಿದ್ಯಾಲಯದಲ್ಲಿ ಮಥಿಯಾಸ್ ಕ್ಲಾಸೆನ್ ಮತ್ತು ಸಂಗಡಿಗರು ಮನರಂಜನೆಯ ಭಯವನ್ನೇ ಅಧ್ಯಯನ ಮಾಡುತ್ತಾರೆ. ಹೆದರಿಸಲೆಂದೇ ಕಟ್ಟಿದ ಭೂತದ ಮನೆಯೊಂದರಲ್ಲಿ ಜನರ ಎದೆಬಡಿತ ಅಳೆದು ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಯ ತೀರಾ ಹೆಚ್ಚಾದರೂ ತೀರಾ ಕಡಿಮೆಯಾದರೂ ಸಂತೋಷ ಇಳಿಯುತ್ತದೆ. ಹದವಾದ ಭಯದಲ್ಲೇ ಸುಖ. ಹಾಗಿದ್ದರೆ ಭಯವೇ ಹುಟ್ಟಿಸದ ಹಳೆಯ ಚಿತ್ರ ಸುಖ ಕೊಡುವುದು ಹೇಗೆ? ಅಧ್ಯಯನವನ್ನು ನಾನು ಅಲ್ಲಗಳೆಯುವುದಿಲ್ಲ, ಅದರ ವ್ಯಾಪ್ತಿಯನ್ನು ಕೇಳುತ್ತೇನೆ. ಅಲ್ಲಿ ಅಳೆದದ್ದು ಕತ್ತಲ ಕೋಣೆಯಲ್ಲಿ ಎದುರಿಗೇ ಹಾರಿ ಬರುವ ವೇಷಧಾರಿಯ ಮುಂದೆ ಮೈ ಮಾಡುವುದನ್ನು. ಅದು ಜಾತ್ರೆಯ ತೊಟ್ಟಿಲಿನ ಸುಖ, ಅದಕ್ಕೆ ಈ ನಿಯಮ ಸರಿಯಾಗಿಯೇ ಒಪ್ಪುತ್ತದೆ. ಅದೊಂದೇ ಸುಖವಾಗಿದ್ದರೆ ಪ್ರತಿ ಅಕ್ಟೋಬರಿಗೂ ಜನ ಕಳೆದ ವರ್ಷಕ್ಕಿಂತ ಕ್ರೂರವಾದ ಹೊಸ ಚಿತ್ರವನ್ನಷ್ಟೇ ಹುಡುಕಬೇಕಿತ್ತು. ಹುಡುಕುವವರು ಇದ್ದಾರೆ, ಚಿತ್ರಮಂದಿರಗಳು ಅವರನ್ನು ನಂಬಿಯೇ ಬದುಕಿವೆ. ಆದರೆ ಅವರಲ್ಲೇ ಅನೇಕರು ಅದೇ ತಿಂಗಳು 1931ಕ್ಕೂ ಮರಳುತ್ತಾರೆ. ಆ ಮರಳುವಿಕೆಯನ್ನು ಎದೆಬಡಿತದ ಮಾಪಕ ಹಿಡಿಯಲಾರದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮ: ಭಯ ಬಸಿದುಹೋದ ಮೇಲೆ ಉಳಿಯುವುದು ಹಳೆಯದರ ಹಂಬಲ, ಅಥವಾ ನಗು. ನಗಲು ಬೇಕಾದಷ್ಟಿದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಡ್ರಾಕುಲಾನ ಟ್ರಾನ್ಸಿಲ್ವೇನಿಯಾದ ಕೋಟೆಯಲ್ಲಿ ಆರ್ಮಡಿಲೊಗಳು ಓಡಾಡುತ್ತವೆ. ಅಮೆರಿಕ ಖಂಡದ ಪ್ರಾಣಿ ಯೂರೋಪಿನ ಆ ಕೊನೆಗೆ ಹೇಗೆ ಹೋಯಿತೆಂದು ನಿರ್ದೇಶಕ ಟಾಡ್ ಬ್ರೌನಿಂಗ್‌ನನ್ನೇ ಕೇಳಬೇಕು. ಆದರೆ ನಗುತ್ತ ನೋಡಲು ಕೂತವರನ್ನು ಈ ಚಿತ್ರಗಳು ಅಲ್ಲಿಗೇ ಬಿಡುವುದಿಲ್ಲ. 'ದಿ ವುಲ್ಫ್ ಮ್ಯಾನ್' ಬರೆದ ಕರ್ಟ್ ಸಿಯೊಡ್‌ಮಾಕ್ ನಾತ್ಸಿಗಳಿಂದ ತಪ್ಪಿಸಿಕೊಂಡು ಜರ್ಮನಿ ಬಿಟ್ಟ ಯಹೂದಿ. ಅವನ ಕಥೆಯಲ್ಲಿ ತೋಳವಾಗುವವನ ಕಣ್ಣಿಗೆ ಮುಂದಿನ ಬಲಿಯ ಅಂಗೈಯಲ್ಲಿ ನಕ್ಷತ್ರದ ಗುರುತು ಕಾಣುತ್ತದೆ. ಜರ್ಮನಿಯಲ್ಲಿ ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ಧರಿಸಬೇಕೆಂಬ ಆಜ್ಞೆ ಜಾರಿಯಾದದ್ದು 1941ರ ಸೆಪ್ಟೆಂಬರಿನಲ್ಲಿ, ಚಿತ್ರ ತೆರೆಗೆ ಬಂದದ್ದು ಡಿಸೆಂಬರಿನಲ್ಲಿ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಗುರುತು ಹಚ್ಚಿ ಬೇಟೆಯಾಡುವ ಕಾಲದ ನಡುಕ ಆ ಕಥೆಯೊಳಗೆ ಇದ್ದೇ ಇದೆ. ರೊಮೆರೊನ ಚಿತ್ರವಂತೂ ನಗೆಯನ್ನು ಗಂಟಲಲ್ಲೇ ನಿಲ್ಲಿಸುತ್ತದೆ. ರಾತ್ರಿಯಿಡೀ ಶವಗಳ ದಾಳಿ ಎದುರಿಸಿ ಬದುಕುಳಿದ ನಾಯಕ, ಕಪ್ಪು ವರ್ಣದ ನಟ ಡ್ಯುವೇನ್ ಜೋನ್ಸ್ ಮಾಡಿದ ಪಾತ್ರ. ಬೆಳಗ್ಗೆ ರಕ್ಷಣೆಗೆ ಬಂದ ಬಂದೂಕಿನ ಗುಂಪು ಅವನನ್ನೂ ಪಿಶಾಚಿಯೆಂದುಕೊಂಡು ಹಣೆಗೆ ಗುಂಡಿಡುತ್ತದೆ. ಚಲಿಸುವ ಚಿತ್ರ ಅಲ್ಲಿಗೆ ನಿಂತು, ಪತ್ರಿಕೆಯ ಕಾಳುಕಾಳಾದ ಫೋಟೋಗಳಂಥ ಸ್ತಬ್ಧಚಿತ್ರಗಳು ಬರುತ್ತವೆ: ಮಾಂಸದ ಕೊಕ್ಕೆ ಹಿಡಿದ ಬಿಳಿಯರು, ಎಳೆದ ದೇಹ, ಬೆಂಕಿಗೆ ರಾಶಿ. ಚಿತ್ರ ತೆರೆಗೆ ಬಂದಾಗ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಆರು ತಿಂಗಳಾಗಿತ್ತು. ಜೀವಂತ ಶವಗಳು ಇಂದು ಯಾರನ್ನೂ ಹೆದರಿಸವು. ಆ ಫೋಟೋಗಳ ಭಯ ಇನ್ನೂ ಇಳಿದಿಲ್ಲ, ಅದು ಪ್ರತಿ ವರ್ಷವೂ ಹೊಸ ಸುದ್ದಿಯ ಜೊತೆ ಸೇರಿಕೊಳ್ಳುತ್ತದೆ. ಇದನ್ನು ಹಂಬಲವೆಂದು ಕರೆಯಲಾಗದು.

ಭಯಕ್ಕೆ ಋತು ಗೊತ್ತುಮಾಡುವುದು ಅಮೆರಿಕದವರ ಸೊತ್ತೇನೂ ಅಲ್ಲ. ಇಂಗ್ಲೆಂಡಿನಲ್ಲಿ ದೆವ್ವದ ಕಥೆಗೆ ಸಲ್ಲುವ ಕಾಲ ಕ್ರಿಸ್‌ಮಸ್. ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' 1843ರದು. ಬಿಬಿಸಿ 1971ರಿಂದ 1978ರವರೆಗೆ ಪ್ರತಿ ಕ್ರಿಸ್‌ಮಸ್ಸಿಗೂ ಒಂದೊಂದು ದೆವ್ವದ ಚಿತ್ರ ತೆಗೆಯಿತು. ಜಪಾನಿನಲ್ಲಿ ಇದು ಬೇಸಿಗೆಯ ಬಾಬತ್ತು. ಪೂರ್ವಜರು ಮನೆಗೆ ಬರುವ ಓಬೋನ್ ಹಬ್ಬದ ಆಸುಪಾಸು ಕಬುಕಿಯಲ್ಲಿ ಪ್ರೇತದ ನಾಟಕಗಳು. ಹೆಸರಾಂತ 'ಯೋತ್ಸುಯಾ ಕೈದಾನ್' 1825ರ ಬೇಸಿಗೆಯಲ್ಲಿ ಎದೋ ನಗರದಲ್ಲಿ ರಂಗಕ್ಕೆ ಬಂತು. ಬೆನ್ನುಹುರಿ ತಣ್ಣಗಾದರೆ ಸೆಕೆ ಮರೆಯುತ್ತದೆಂಬುದು ಅಲ್ಲಿಯ ಜನರ ಸಮಜಾಯಿಷಿ. ಚಳಿ, ಸೆಕೆ, ಎಲೆಯುದುರುವ ಕಾಲ, ಮೂರೂ ಆಗುತ್ತವೆಂದಾದರೆ ಕತ್ತಲೆ ಬೇಗ ಆಗುವುದರಿಂದ ಅಕ್ಟೋಬರಿನಲ್ಲಿ ಭೂತ ನೆನಪಾಗುತ್ತದೆ ಎಂಬ ವಿವರಣೆ ನಿಲ್ಲುವುದಿಲ್ಲ. ಬೇಕಾಗಿರುವುದು ಎಲ್ಲರೂ ಒಪ್ಪಿದ ಒಂದು ದಿನ. ಕರ್ನಾಟಕದಲ್ಲಿ ಆ ದಿನ ಇಲ್ಲದಿಲ್ಲ. ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ ಅಕ್ಟೋಬರಿನಲ್ಲೇ ಬರುತ್ತದೆ. ಆದರೆ ಕನ್ನಡದ ಭಯಾನಕ ಚಿತ್ರಗಳಾದ 'ನಾ ನಿನ್ನ ಬಿಡಲಾರೆ' (1979) ಆಗಲಿ 'ಆಪ್ತಮಿತ್ರ' (2004) ಆಗಲಿ ಅದರ ಹತ್ತಿರ ಸುಳಿಯಲಿಲ್ಲ, ಸುಳಿಯುವಂತೆಯೂ ಇಲ್ಲ. ಅಂದು ಬರುವ ಸತ್ತವರು ಅಜ್ಜ ಅಜ್ಜಿಯರು, ಅವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡಬೇಕು. ಎಡೆ ಇಡುವ ಮನೆಯಲ್ಲಿ ಅದೇ ದಿನ ಪ್ರೇತದ ಚಿತ್ರ ಹಾಕಿ ಕೂರುವವರಿಲ್ಲ. ಅಮೆರಿಕದ ಪ್ರಾಟೆಸ್ಟಂಟ್ ಮನೆಗಳಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಆಚರಣೆ ಇರಲಿಲ್ಲವಾದ್ದರಿಂದಲೇ ಆ ಖಾಲಿ ರಾತ್ರಿಗೆ ಡ್ರಾಕುಲಾ ನು‍ಗ್ಗಲು ಸಾಧ್ಯವಾಯಿತೆಂದು ನನ್ನ ಊಹೆ. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೆ ಎರಡೂ ಪಂಚಾಂಗಗಳ ಲೆಕ್ಕವಿದೆ. 2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೋವೀನೂ ಅಕ್ಟೋಬರ್ 31ಕ್ಕೇ ಬಿದ್ದವು: ಒಂದೇ ಹೊಸ್ತಿಲಲ್ಲಿ ಹಣತೆಯೂ ಕೊರೆದ ಕುಂಬಳಕಾಯಿಯೂ.

ಈಗ ಟೆಲಿವಿಷನ್ ಕೇಂದ್ರ ಹೇಳಿದಂತೆ ನೋಡುವ ಕಾಲ ಹೋಯಿತು. ಬೇಕಾದ ಚಿತ್ರ ಬೇಕಾದ ಗಳಿಗೆಯಲ್ಲಿ ಕೈಯಲ್ಲಿರುವ ಪರದೆಗೇ ಬರುತ್ತದೆ. ನಾನು ಹೇಳಿದಂತೆ ಈ ಪದ್ಧತಿ ತಡರಾತ್ರಿಯ ಖಾಲಿ ಹೊತ್ತು ತುಂಬುವ ಅಗತ್ಯದಿಂದ ಹುಟ್ಟಿದ್ದಾದರೆ, ಅಗತ್ಯ ಮುಗಿದ ಮೇಲೆ ಅದೂ ಮುಗಿಯಬೇಕಿತ್ತು. ಆದದ್ದು ಬೇರೆ. ಅಕ್ಟೋಬರಿನ 31 ದಿನಕ್ಕೆ 31 ಚಿತ್ರಗಳೆಂದು ಜನ ತಾವೇ ಪಟ್ಟಿ ಹಾಕಿಕೊಳ್ಳುತ್ತಾರೆ; ಇಷ್ಟು ಮೂಕಿ ಚಿತ್ರ, ಇಷ್ಟು ಯೂನಿವರ್ಸಲ್ಲಿನದು, ಒಂದು ಜಪಾನಿನದು ಎಂದು ನೇಮ ಮಾಡಿಕೊಂಡು, ಸೆಪ್ಟೆಂಬರಿನಲ್ಲಿ ಮನಸ್ಸಾದರೂ ತಡೆದುಕೊಳ್ಳುತ್ತಾರೆ. ಅಭಾವದ ದಿನಗಳಲ್ಲಿ ಬೇರೆಯವರು ವಿಧಿಸಿದ್ದನ್ನು ಸಮೃದ್ಧಿಯ ದಿನಗಳಲ್ಲಿ ತಮಗೆ ತಾವೇ ವಿಧಿಸಿಕೊಂಡಿದ್ದಾರೆ. ಯಾವಾಗ ಬೇಕಾದರೂ ನೋಡಬಹುದಾದ್ದನ್ನು ಯಾವಾಗಲೂ ನೋಡುವುದಿಲ್ಲ ಎಂಬುದು ಅವರಿಗೆ ಗೊತ್ತಿದೆ. ಆ ಪಟ್ಟಿಗಳ ಮೂಕಿ ಚಿತ್ರಗಳಲ್ಲೊಂದಾದ ಮೂಲ 'ನೊಸ್ಫೆರಾಟು' ಉಳಿದು ಬಂದದ್ದೇ ಆಕಸ್ಮಿಕ. ಬ್ರಾಮ್ ಸ್ಟೋಕರ್‌ನ ಕಾದಂಬರಿಯನ್ನು ಕೇಳದೆ ಬಳಸಿಕೊಂಡದ್ದಕ್ಕೆ ಅವನ ವಿಧವೆ ದಾವೆ ಹೂಡಿ, 1925ರಲ್ಲಿ ಜರ್ಮನಿಯ ನ್ಯಾಯಾಲಯ ಎಲ್ಲ ಪ್ರತಿಗಳನ್ನೂ ನಾಶಮಾಡಲು ಆಜ್ಞೆ ಕೊಟ್ಟಿತ್ತು. ಅಲ್ಲಲ್ಲಿ ಅಡಗಿ ಉಳಿದ ಪ್ರತಿಗಳಿಂದ ಬಂದ ಚಿತ್ರ ಇಂದು ಪಟ್ಟಿಗಳಲ್ಲಿ ಮೊದಲು ನಮೂದಾಗುವವುಗಳಲ್ಲೊಂದು.

ಮುಂದೆ ಈ ಪಂಚಾಂಗಕ್ಕೆ ಯಾವುವು ಸೇರುತ್ತವೆ? 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಕಾಡಿನಲ್ಲಿ ಕಳೆದುಹೋದ ವಿದ್ಯಾರ್ಥಿಗಳ ನಿಜವಾದ ಚಿತ್ರೀಕರಣವೆಂಬ ನಂಬಿಕೆಯ ಮೇಲೆ ನಿಂತಿತ್ತು. ನಂಬಿಕೆ ಹೋದ ಮೇಲೆ ಅದು ಎಷ್ಟು ಸಲ ನೋಡಿಸಿಕೊಳ್ಳಬಲ್ಲದೆಂಬ ಸಂಶಯ ನನಗಿದೆ. ಕಾರ್ಪೆಂಟರ್ 1982ರಲ್ಲಿ ಹೊಸದಾಗಿ ತೆಗೆದ 'ದಿ ಥಿಂಗ್' ಅದಕ್ಕೆ ತದ್ವಿರುದ್ಧ. ಬಿಡುಗಡೆಯಾದ ಬೇಸಿಗೆಯಲ್ಲಿ ನೆಲಕಚ್ಚಿದ್ದು, ಮನೆಮನೆಯಲ್ಲಿ ಮತ್ತೆ ಮತ್ತೆ ನೋಡಿದವರಿಂದ ಎದ್ದು ನಿಂತಿತು. ಅದೇ 1999ರಲ್ಲಿ ಇನ್ನೊಂದು ಪರೀಕ್ಷೆಯೂ ನಡೆಯಿತು. ರಾಬರ್ಟ್ ವೈಸ್ 1963ರಲ್ಲಿ ತೆಗೆದಿದ್ದ 'ದಿ ಹಾಂಟಿಂಗ್' ಅನ್ನು ಹಾಲಿವುಡ್ ದೊಡ್ಡ ದುಡ್ಡು ಸುರಿದು ಮತ್ತೆ ತೆಗೆಯಿತು. ಹೊಸದರಲ್ಲಿ ಕಂಪ್ಯೂಟರಿನ ಕೈಚಳಕದಿಂದ ಗೋಡೆಗಳು ಮುಖ ತಾಳುತ್ತವೆ, ಕೆತ್ತನೆಯ ಮಕ್ಕಳು ಕಣ್ಣು ಬಿಡುತ್ತಾರೆ, ಪ್ರೇತ ಇಡಿಯಾಗಿ ತೆರೆಯ ಮೇಲೆ ಬರುತ್ತದೆ. ವೈಸ್‌ನ ಚಿತ್ರದಲ್ಲಿ ಪ್ರೇತ ಎಲ್ಲಿಯೂ ಇಲ್ಲ. ಮುಚ್ಚಿದ ಬಾಗಿಲಿನ ಮರ ಒಳಕ್ಕೆ ಉಬ್ಬುತ್ತದೆ, ಅಷ್ಟೇ. ಆಚೆ ಕಡೆಯಿಂದ ಒಬ್ಬ ಕೆಲಸಗಾರ ತಳ್ಳುತ್ತಿದ್ದ. ತಳ್ಳುತ್ತಿರುವುದು ಒಬ್ಬ ಆಳು ಎಂದು ತಿಳಿದವರೂ ಪ್ರತಿ ಅಕ್ಟೋಬರಿಗೆ ಆ ಬಾಗಿಲನ್ನು ನೋಡಲು ಕೂರುತ್ತಾರೆ. 1999ರ ಚಿತ್ರವನ್ನು ಹುಡುಕಿಕೊಂಡು ಹೋಗುವವರು ವಿರಳ.